ದೂರು ವಿಭಾಗದ ಗೊಗ್ಗರಯ್ಯ

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇದ್ದವರು ಇಬ್ಬರೇ, ಒಬ್ಬಳು ಅಕ್ಕ, ಇನ್ನೊಬ್ಬ ಅವಳ ತಮ್ಮ. ಅಕ್ಕ ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಫೋನ್ ಎತ್ತುತ್ತಿರುವವಳು. ತಮ್ಮ ಹೊರಗಿನವನು, ಎರಡು ಬೀದಿ ಆಚೆ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಕ್ಕನಿಗೆ ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆ ವಿಷಯವನ್ನು ಸುತ್ತಿ ಬಳಸಿ, ದನಿ ಇಳಿಸಿ ಹೇಳುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ.

ಊರಿನಲ್ಲಿ ಎಲ್ಲಿ ಪೈಪ್ ಒಡೆದರೂ, ಎಲ್ಲಿ ನಲ್ಲಿ ಒಣಗಿದರೂ ಜನ ಫೋನ್ ಮಾಡುವುದು ಅವಳಿಗೆ. ಎಡಗಿವಿಯಲ್ಲಿ ಫೋನಿನವರು ಕೂಗಾಡುತ್ತಿರುತ್ತಾರೆ. ಬಲಗಿವಿಯಲ್ಲಿ ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತಿರುತ್ತದೆ: ಯಾವ ಬೀದಿ, ಯಾವ ವಾಲ್ವ್, ಹಿಂದೆ ಯಾವಾಗ ಒಡೆದಿತ್ತು, ಇವತ್ತು ಆ ಕಡೆ ಯಾವ ಫಿಟ್ಟರ್ ಇದ್ದಾನೆ. ಎರಡೂ ಕಿವಿಯಲ್ಲಿ ಬಿದ್ದದ್ದನ್ನು ಅವಳ ಬೆರಳುಗಳು ಒಂದೇ ದೂರಾಗಿ ಟೈಪ್ ಮಾಡುತ್ತವೆ. ಓದಿ ಹೇಳುವ ಆ ದನಿಗೆ ಅವಳು ಇಟ್ಟ ಹೆಸರು ಗೊಗ್ಗರಯ್ಯ. ನೆಗಡಿ ಹಿಡಿದ ಗಂಡಸಿನ ಗೊಗ್ಗರು ದನಿ. ಏರಿಳಿತ ಇಲ್ಲ, ನಯ ನಾಜೂಕು ಇಲ್ಲ, ಆದರೆ ಎಷ್ಟು ವೇಗವಾಗಿ ಓಡಿಸಿದರೂ ಒಂದಕ್ಷರ ನುಂಗುವವನಲ್ಲ. ಅವಳು ಅವನನ್ನು ಓಡಿಸುತ್ತಿದ್ದ ವೇಗ ಬೇರೆಯವರಿಗೆ ತಗಡಿನ ಮೇಲೆ ಕಾಳು ಸುರಿದ ಹಾಗೆ ಕೇಳಿಸುತ್ತಿತ್ತು. ಅವಳಿಗೆ ಮಾತ್ರ ಒಂದೊಂದು ಕಾಳೂ ಬೇರೆ ಬೇರೆ.

ಎರಡು ವಾರದ ಹಿಂದೆ ಕಚೇರಿಗೆ ಹೊಸ ಕಂಪ್ಯೂಟರ್‌ಗಳು ಬಂದವು. ಅಕ್ಕನ ಮೇಜಿಗೂ ಒಂದು ಬಂತು, ಅದರ ಜೊತೆ ಹೊಸ ದನಿಯೂ ಬಂತು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣು ದನಿ, ಕೇಳಲು ಸೊಗಸು, ಕೆಲಸಕ್ಕೆ ದಂಡ. ವೇಗ ಹೆಚ್ಚಿಸಿದರೆ ಅರ್ಧ ಮಾತು ನುಂಗುತ್ತದೆ, ಇಳಿಸಿದರೆ ಫೋನಿನವರು ಬೈಯಲು ಶುರು ಮಾಡುತ್ತಾರೆ. ಮೊದಲ ವಾರವೇ ಒಬ್ಬ ಫಿಟ್ಟರ್ ಸ್ಪ್ಯಾನರ್ ಹಿಡಿದುಕೊಂಡು, ಯಾವ ಪೈಪೂ ಒಡೆಯದ ಬೀದಿಗೆ ಹೋಗಿ ಬೈದುಕೊಳ್ಳುತ್ತ ವಾಪಸು ಬಂದ. ಎರಡನೇ ವಾರ ಇನ್ನಿಬ್ಬರು ಹಾಗೇ ಬಂದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಆಗದ್ದು ಹತ್ತು ದಿನದಲ್ಲಿ ಮೂರು ಸಲ ಆಯಿತು.

ಗುರುವಾರ ಕಚೇರಿಯ ಮ್ಯಾನೇಜರ್ ತಮ್ಮನ ಅಂಗಡಿಗೇ ಬಂದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ನಮ್ಮ ಕಂಪ್ಯೂಟರ್ ವಿಭಾಗದವರು ಹಳೇ ದನಿ ಹೊಸ ಮಷೀನಿಗೆ ಹೊಂದಲ್ಲ ಅಂತ ಕೈಚೆಲ್ಲಿ ಕೂತಿದ್ದಾರೆ. ಶನಿವಾರ ನೀವೇ ಒಂದು ಸಲ ನೋಡಿ, ಪಾಸ್‌ವರ್ಡ್ ಕೊಡಿಸ್ತೀನಿ," ಎಂದರು. "ಆಗಲಿಲ್ಲ ಅಂದ್ರೆ ಸೋಮವಾರದಿಂದ ನಿಮ್ಮಕ್ಕನಿಗೆ ಬೇರೆ ವ್ಯವಸ್ಥೆ ಮಾಡ್ತೀನಿ. ಮುಂಬಾಗಿಲ ಹತ್ತಿರ ಒಂದು ಕುರ್ಚಿ. ಬಂದವರಿಗೆ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಅಂತ ಹೇಳಿದ್ರೆ ಸಾಕು. ಸಂಬಳಕ್ಕೇನೂ ತೊಂದರೆ ಇಲ್ಲ. ಏನಂತೀರಿ?"

ತಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಗಲಿ ಸರ್, ಅವಳಿಗೂ ವಯಸ್ಸಾಯ್ತು, ಆರಾಮಾಗಿರಲಿ," ಎಂದುಬಿಟ್ಟ.

ಅವರು ಮೆಟ್ಟಿಲು ಇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಾಗಿಲ ಬಳಿ ಕೂತು ಎಡಕ್ಕೆ ಬಲಕ್ಕೆ ಎನ್ನುವ ಕೆಲಸಕ್ಕೆ ಅಕ್ಕನನ್ನು ಕೂರಿಸಿದರೆ ಅವಳು ಆರು ತಿಂಗಳಲ್ಲಿ ಒಣಗಿ ಹೋಗುತ್ತಾಳೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಬಾಯಿಂದ ಹೂಂ ಬಂದಾಗಿತ್ತು. ಇದನ್ನು ಅಕ್ಕನಿಗೆ ಹೇಳಲಿಲ್ಲ. ಮಷೀನು ಸರಿಹೋದರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಹಾಗೆ ನೋಡಿದರೆ ಆ ಹೂಂ ನಿನ್ನೆ ಮೊನ್ನೆಯದಲ್ಲ. ಅಕ್ಕನಿಗೆ ಕಣ್ಣು ಹೋದಾಗ ಅವನಿಗೆ ನಾಲ್ಕು ವರ್ಷ. ಅವಳ ಕೈ ಹಿಡಿದು ನಡೆಯುವುದು ಅವನ ಪಾಲಿಗೆ ಬಂತು. ಚಪ್ಪಲಿ ಅಂಗಡಿಯವನು ಅಕ್ಕನ ಕಾಲಿಗೆ ಚಪ್ಪಲಿ ತೊಡಿಸಿ, "ಬಿಗಿಯಾಗಿದೆಯಾ?" ಎಂದು ಕೇಳುತ್ತಿದ್ದದ್ದು ತಮ್ಮನನ್ನು. ತಮ್ಮನೂ ದೊಡ್ಡ ಮನುಷ್ಯನ ಹಾಗೆ ಬಗ್ಗಿ ನೋಡಿ, "ಸರಿಯಾಗಿದೆ," ಎನ್ನುತ್ತಿದ್ದ. ಅಕ್ಕ ಮನೆಗೆ ಬರುವವರೆಗೆ ಕುಂಟಿಕೊಂಡು ಬರುತ್ತಿದ್ದಳು. ಅವಳ ಪರವಾಗಿ ಉತ್ತರ ಕೊಡುವ ಚಾಳಿ ಅವನಿಗೆ ಹತ್ತಿದ್ದು ಹಾಗೆ.

ಅವನು ಕಂಪ್ಯೂಟರ್ ಮುಂದೆ ಕೂತ. ಅಕ್ಕ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತಳು. ಶನಿವಾರ ಮಧ್ಯಾಹ್ನದ ಮೇಲೆ ಫೋನುಗಳೆಲ್ಲ ಪಂಪ್‌ಹೌಸ್‌ಗೆ ಹೋಗುವುದರಿಂದ ಕೋಣೆ ತಣ್ಣಗಿತ್ತು. ಗೋಡೆಯ ತುಂಬ ಊರಿನ ಪೈಪುಗಳ ನಕ್ಷೆ ಇತ್ತು. ಆ ಕಚೇರಿಯಲ್ಲಿ ಅದು ಬಾಯಿಪಾಠ ಇದ್ದದ್ದು ಅದನ್ನು ಯಾವತ್ತೂ ನೋಡದ ಒಬ್ಬಳಿಗೆ ಮಾತ್ರ.

ವಾಚ್‌ಮನ್ ಬಾಗಿಲಲ್ಲಿ ತಲೆ ಹಾಕಿ, "ಸರ್, ಮೇಡಂಗೆ ಟೀ ಬೇಕಾ?" ಎಂದ.

"ಬೇಡಪ್ಪ," ಎಂದ ತಮ್ಮ.

"ಬೇಕು," ಎಂದಳು ಅಕ್ಕ. "ಸಕ್ಕರೆ ಕಡಿಮೆ. ಅವನಿಗೆ ಬೇಡವಂತೆ, ನನಗೊಂದೇ ತನ್ನಿ."

ವಾಚ್‌ಮನ್ ನಗುತ್ತ, "ಆರು ಗಂಟೆಗೆ ಬೀಗ ಹಾಕ್ಬೇಕು ಸರ್," ಎಂದು ಹೇಳಿ ಹೋದ.

ತಮ್ಮ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿ ಒಳಗೆ ಹೋದ. ರೋಗ ಏನೆಂದು ಅವನಿಗೆ ಹತ್ತೇ ನಿಮಿಷದಲ್ಲಿ ತಿಳಿಯಿತು. ಗೊಗ್ಗರಯ್ಯನನ್ನು ಯಾರೋ ಹೊಸ ಮಷೀನಿಗೆ ತುಂಬಿಸಿಯೇ ಇದ್ದರು, ಆದರೆ ಅವನ ಹೆಸರು ದಾಖಲಾಗಿದ್ದದ್ದು ಹಳೆಯ ಜಾಗದಲ್ಲಿ, ಹೊಸ ಓದುವ ಪ್ರೋಗ್ರಾಮ್ ಹುಡುಕುತ್ತಿದ್ದದ್ದು ಇನ್ನೊಂದು ಜಾಗದಲ್ಲಿ. ಮನೆಯೊಳಗೇ ಇದ್ದವನ ಹೆಸರು ಹಾಜರಿ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೆ. ಅದನ್ನು ತಿದ್ದಬೇಕಾದರೆ ರಿಜಿಸ್ಟ್ರಿಗೇ ಕೈ ಹಾಕಬೇಕು. ರಿಜಿಸ್ಟ್ರಿ ಎಂದರೆ ಕಂಪ್ಯೂಟರ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ದೊಡ್ಡ ದಾಖಲೆ ಪುಸ್ತಕ. ಯಾವ ಪ್ರೋಗ್ರಾಮ್ ಎಲ್ಲಿದೆ, ಯಾರಿಗೆ ಯಾವ ದನಿ, ಯಾವ ಬಣ್ಣ, ಎಲ್ಲವೂ ಅದರಲ್ಲಿರುತ್ತದೆ. ಅಲ್ಲಿ ಬದಲಾಯಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಇಲ್ಲ, ಸೇವ್ ಮಾಡಲೇ ಎಂದು ಅದು ಕೇಳುವುದೂ ಇಲ್ಲ. ಕೈ ಜಾರಿದರೆ ಮಷೀನು ಮಾರನೇ ದಿನ ಏಳದೆಯೇ ಇರಬಹುದು.

ಅವನು ಮೊದಲು ಪೂರ್ತಿ ರಿಜಿಸ್ಟ್ರಿಯ ನಕಲು ತೆಗೆದು ಪೆನ್‌ಡ್ರೈವ್‌ಗೆ ಹಾಕಿದ. ಅದು ಕಸುಬಿನ ಶಿಸ್ತು. ಅದನ್ನು ಮಾಡದೆ ರಿಜಿಸ್ಟ್ರಿ ಮುಟ್ಟುವವನನ್ನು ಅವನು ಅಂಗಡಿಯ ಮೆಟ್ಟಿಲನ್ನೂ ಹತ್ತಿಸುವವನಲ್ಲ. ಆಮೇಲೆ ಹೊಸ ಜಾಗದಲ್ಲಿ ಗೊಗ್ಗರಯ್ಯನ ಹೆಸರು ಬರೆಯಲು ಹೋದ. ಅನುಮತಿ ಇಲ್ಲ, ಎಂದಿತು ಪರದೆ.

"ಅಡ್ಮಿನಿಸ್ಟ್ರೇಟರ್‌ಗೇ ಅನುಮತಿ ಇಲ್ವಂತೆ! ಮನೆ ಯಜಮಾನನಿಗೇ ಬಾಗಿಲು ತೆಗೆಯಲ್ಲ ಅಂತಿದೆ," ಎಂದು ಗೊಣಗಿದ.

"ಏನಂತೆ?" ಎಂದಳು ಅಕ್ಕ.

"ಏನಿಲ್ಲ."

ರಿಜಿಸ್ಟ್ರಿಯ ಒಂದೊಂದು ಪುಟಕ್ಕೆ ಕಸುಬಿನವರು ಕೀಲಿ ಎನ್ನುತ್ತಾರೆ. ಆ ಕೀಲಿಯ ಒಡೆತನವನ್ನು ಸಿಸ್ಟಮ್ ತನ್ನ ಹೆಸರಿಗೆ ಬರೆದುಕೊಂಡಿತ್ತು. ಅವನು ಅದನ್ನು ತನ್ನ ಹೆಸರಿಗೆ ಮಾಡಿಕೊಂಡು, ಪೂರ್ಣ ಅಧಿಕಾರ ಕೊಟ್ಟುಕೊಂಡು, ಮತ್ತೆ ಬರೆದ. ಈ ಸಲ ಅರ್ಧ ಬರೆದು ನಿಂತಿತು. ಕೆಲವು ಕೀಲಿಗಳನ್ನು ಬೇರೆ ಪ್ರೋಗ್ರಾಮ್ ಹಿಡಿದುಕೊಂಡಿದೆ ಎಂಬ ತಕರಾರು. ಹಿಡಿದುಕೊಂಡಿದ್ದದ್ದು ಅದೇ ಓದುವ ಪ್ರೋಗ್ರಾಮ್. ಅವನು ಅದನ್ನು ನಿಲ್ಲಿಸಿದ. ಜೇನಿನ ದನಿ ಅರ್ಧ ಮಾತಿನಲ್ಲೇ ಸತ್ತಿತು.

"ಏನಾಯ್ತೋ?" ಅಕ್ಕನ ದನಿಯಲ್ಲಿ ಗಾಬರಿ ಇತ್ತು. ಆ ದನಿ ಇಲ್ಲದಿದ್ದರೆ ಅವಳ ಪಾಲಿಗೆ ಮೇಜಿನ ಮೇಲೆ ಕಂಪ್ಯೂಟರೇ ಇಲ್ಲ.

"ನಾನೇ ನಿಲ್ಲಿಸಿದೆ. ಸುಮ್ನಿರು ಒಂದು ನಿಮಿಷ."

ಅಕ್ಕ ವಾಚ್‌ಮನ್ ತಂದಿಟ್ಟ ಟೀ ಕುಡಿದಳು. ಅವನು ಉಳಿದರ್ಧ ಬರೆದ, ಪ್ರೋಗ್ರಾಮ್ ಮತ್ತೆ ಎಬ್ಬಿಸಿದ. ಪಟ್ಟಿಯಲ್ಲಿ ಹಳೆಯ ಹೆಸರು ಬಂದು ಕೂತಿತ್ತು. ಆ ದನಿಯನ್ನೇ ಆರಿಸಿದ, ವೇಗವನ್ನೂ ರಿಜಿಸ್ಟ್ರಿಯಲ್ಲೇ ಏರಿಸಿದ. ಮರುಕ್ಷಣ ಸ್ಪೀಕರಿನಿಂದ ಗೊಗ್ಗರಯ್ಯ ಕೆಮ್ಮಿದ ಹಾಗೆ ಮಾತಾಡಿದ.

ಅಕ್ಕ ಸ್ಟೂಲಿನಿಂದ ಎದ್ದೇಬಿಟ್ಟಳು. ಅವಳ ಮುಖ ಅರಳಿದ್ದನ್ನು ನೋಡಿ ತಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಗುರುವಾರದ ಹೂಂ ಇನ್ನು ಮಣ್ಣಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಗುರಾದ. ಎದ್ದು ಕುರ್ಚಿ ಬಿಟ್ಟುಕೊಟ್ಟ. ಅಕ್ಕ ಕೂತು ತನ್ನ ಹೆಸರು, ತನ್ನ ಪಾಸ್‌ವರ್ಡ್ ಹಾಕಿದಳು. ಜೇನಿನ ದನಿ ಅವಳನ್ನು ಬಹಳ ಪ್ರೀತಿಯಿಂದ ಸ್ವಾಗತಿಸಿತು.

"ಏನೊತ್ತಿದೆ?" ಎಂದ ತಮ್ಮ.

"ಪಾಸ್‌ವರ್ಡ್ ಒತ್ತಿದೆ, ಎಂಟರ್ ಒತ್ತಿದೆ. ಅದೂ ತಪ್ಪಾ?"

ಅವನು ಕೂತು ಅಡ್ಮಿನಿಸ್ಟ್ರೇಟರ್ ಆಗಿ ಹೋಗಿ ನೋಡಿದ. ಗೊಗ್ಗರಯ್ಯ ಅಲ್ಲೇ ಇದ್ದ. ಅಕ್ಕನನ್ನು ಕೂರಿಸಿದ, ಜೇನು. ಮಷೀನು ಆರಿಸಿ ಹೊತ್ತಿಸಿದ. ಅವನು ಕೂತರೆ ಗೊಗ್ಗರಯ್ಯ, ಅವಳು ಕೂತರೆ ಜೇನು. ಅವಳ ಲಾಗಿನ್‌ನಿಂದ ದನಿ ಬದಲಾಯಿಸಲು ನೋಡಿದ. ಸಾಮಾನ್ಯ ನೌಕರರು ಏನನ್ನೂ ಮುಟ್ಟದ ಹಾಗೆ ಕಚೇರಿಯವರು ಎಲ್ಲ ಆಯ್ಕೆಗಳನ್ನೂ ಮುಚ್ಚಿಟ್ಟಿದ್ದರು. ಅಲ್ಲಿಂದಲೇ ರಿಜಿಸ್ಟ್ರಿ ತೆರೆಯಲು ಹೋದರೆ, ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ನಿಷೇಧಿಸಿದ್ದಾರೆ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿತು. ಗಂಟೆ ನಾಲ್ಕಾಯಿತು. ಅವನು ಬರೆದದ್ದನ್ನೇ ಮತ್ತೆ ಬರೆದ, ಎರಡು ಸಲ, ಮೂರು ಸಲ. ಪ್ರತಿ ಸಲವೂ ತಾನು ಕೂತು ಕೇಳಿದ, ಸರಿಯಾಗಿತ್ತು. ಪ್ರತಿ ಸಲವೂ ಅಕ್ಕ ಕೂತಳು, ಕೆಟ್ಟಿತು.

"ಅಕ್ಕಾ, ನಿಜ ಹೇಳು, ನೀನು ಏನೋ ಒತ್ತುತ್ತಿದ್ದೀಯ. ಅಭ್ಯಾಸಬಲದಲ್ಲಿ ಗೊತ್ತಾಗದೇ ಒತ್ತಿರಬೇಕು."

ಅಕ್ಕ ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಸಿಟ್ಟು ಬಂದಾಗ ಅವಳು ದನಿ ಏರಿಸುವುದಿಲ್ಲ, ಕೈ ಕಟ್ಟಿ ಕೂರುತ್ತಾಳೆ. ತಮ್ಮನಿಗೆ ಅದು ಚೆನ್ನಾಗಿ ಗೊತ್ತು.

"ಏನೇನು ಮಾಡಿದೆ, ಒಂದೊಂದೇ ಬಾಯ್ಬಿಟ್ಟು ಹೇಳು," ಎಂದಳು.

"ಹೇಳಿದ್ರೂ ನಿಂಗೆ ತಿಳಿಯಲ್ಲಕ್ಕಾ."

"ತಿಳಿಯೋದು ಬಿಡೋದು ನನಗೆ ಬಿಡು. ದಿನಕ್ಕೆ ನೂರು ಜನ ಫೋನ್ ಮಾಡ್ತಾರೆ. ನೀರು ಬರ್ತಿಲ್ಲ ಅನ್ನೋದು ಬಿಟ್ಟು ಅವರಿಗೆ ಏನೂ ಗೊತ್ತಿರಲ್ಲ. ಎಲ್ಲಿ ಒಡೆದಿದೆ ಅಂತ ಕೇಳಿ ಕೇಳಿ ಹಿಡಿಯೋದು ನಾನು. ನೀನು ಹೇಳು."

ಅವನಿಗೆ ಬೇರೆ ದಾರಿ ಇರಲಿಲ್ಲ. ರಿಜಿಸ್ಟ್ರಿ ತೆರೆದು, ಪರದೆಯ ಮೇಲಿದ್ದದ್ದನ್ನು ಒಪ್ಪಿಸತೊಡಗಿದ.

"ಎಡಗಡೆ ಐದು ಫೋಲ್ಡರ್ ಇವೆ. ಒಂದು ಇಡೀ ಮಷೀನಿಗೆ ಸೇರಿದ್ದು. ದನಿಯ ಹೆಸರನ್ನ ಅಲ್ಲಿ ಬರೆದೆ. ಅದು ಸರಿಯಾಗಿದೆ."

"ಹೂಂ."

"ಆ ದನೀನೇ ಬೇಕು, ಇಷ್ಟು ವೇಗ ಬೇಕು ಅನ್ನೋದನ್ನ ಇನ್ನೊಂದರಲ್ಲಿ ಬರೆದೆ. ಕರೆಂಟ್ ಯೂಸರ್ ಅಂತ ಅದರ ಹೆಸರು."

"ಹಾಗಂದ್ರೆ ಯಾರು?"

"ಈಗ ಯಾರು ಕೂತಿದ್ದಾರೋ ಅವರು. ಅವರವರ ಇಷ್ಟದ ಸೆಟ್ಟಿಂಗೆಲ್ಲ ಅಲ್ಲಿರುತ್ತೆ."

"ನೀನು ಬರೆಯೋವಾಗ ಕೂತಿದ್ದವರು ಯಾರು?"

ತಮ್ಮ ಪರದೆಯ ಮೇಲಿದ್ದ ಲಾಗಿನ್ ಹೆಸರಿನತ್ತ ನೋಡಿದ: ಅಡ್ಮಿನಿಸ್ಟ್ರೇಟರ್. ಅವನ ಅಂಗಡಿಗೆ ಬರುವುದೆಲ್ಲ ಒಬ್ಬರೇ ಬಳಸುವ ಮಷೀನುಗಳು; ಯಾರ ಲಾಗಿನ್ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಇಪ್ಪತ್ತು ವರ್ಷದ ಕಸುಬಿನವನು ಮೂರು ಗಂಟೆ ಹೊತ್ತು ಅಕ್ಕನಿಗೆ ಬೇಕಾದ ದನಿಯನ್ನು, ಅಕ್ಕನಿಗೆ ಬೇಕಾದ ವೇಗವನ್ನು ತನ್ನ ಹೆಸರಿಗೇ ಬರೆದುಕೊಂಡು ಕೂತಿದ್ದ. ಬರೆದು, ತಾನೇ ಕೇಳಿ, ಸರಿಯಾಗಿದೆ ಎಂದು ತಾನೇ ತಲೆದೂಗಿದ್ದ. ಅವನಿಗೆ ನಾಚಿಕೆಯಾಯಿತು. ಕಸುಬಿನ ತಪ್ಪಿಗೆ ಆಗುವ ನಾಚಿಕೆ ಸಣ್ಣದು. ಇದು ಅಷ್ಟಕ್ಕೇ ನಿಲ್ಲಲಿಲ್ಲ, ಇನ್ನೂ ಒಳಗೆ ಇಳಿಯಿತು.

"ನಾನು," ಎಂದ.

"ಹಾಗಾದ್ರೆ ಒಡೆದಿರೋದು ಅಲ್ಲೇ," ಎಂದಳು ಅಕ್ಕ, ಫಿಟ್ಟರ್‌ಗೆ ಬೀದಿ ಹೇಳುವ ದನಿಯಲ್ಲಿ.

ಅವಳ ಲಾಗಿನ್‌ನಿಂದ ರಿಜಿಸ್ಟ್ರಿ ತೆರೆಯುವ ಹಾಗಿಲ್ಲ. ಆದರೆ ಅವಳು ಒಳಗೆ ಇಲ್ಲದಿರುವಾಗ ಅವಳ ಪಾಲಿನ ಪುಟಗಳು ಒಂದು ಫೈಲಿನಲ್ಲಿ ಮಡಚಿ ಮಲಗಿರುತ್ತವೆ. ಆ ಫೈಲನ್ನು ಅಡ್ಮಿನಿಸ್ಟ್ರೇಟರ್ ಕಡೆಯಿಂದ ತೆರೆದು, ಬರೆದು, ಮತ್ತೆ ಮುಚ್ಚಿಡಬಹುದು. ತಮ್ಮ ಅವಳನ್ನು ಲಾಗೌಟ್ ಮಾಡಿಸಿ ತಾನು ಕೂತ. ಈ ಸಲ ಬಾಯಿಗೆ ಬಿಡುವು ಕೊಡಲಿಲ್ಲ.

"ನಿನ್ನ ಫೈಲು ತೆಗೀತಿದ್ದೀನಿ. ಥತ್, ತೆಗೆಯೋ ಆಯ್ಕೆ ಮಸುಕಾಗಿದೆ, ಒತ್ತಕ್ಕೆ ಬರ್ತಿಲ್ಲ. ಇರು. ಹಾಂ, ಮೊದಲು ಯೂಸರ್ಸ್ ಅನ್ನೋ ಫೋಲ್ಡರ್ ಮೇಲೆ ನಿಲ್ಲಬೇಕು. ಬಂತು. ಇದಕ್ಕೊಂದು ಹೆಸರು ಕೇಳ್ತಿದೆ. ಏನಿಡಲಿ?"

"ನನ್ನ ಕೇಳ್ತಿದ್ದೀಯಾ?"

"ಮತ್ತೆ ವಾಚ್‌ಮನ್‌ನ ಕೇಳಲಾ?"

ಅಕ್ಕ ನಕ್ಕಳು. "ಗೊಗ್ಗರಯ್ಯನ ಮನೆ ಅಂತಿಡು."

ಅವನು ಹಾಗೇ ಟೈಪ್ ಮಾಡಿದ. ಅವಳ ಪುಟಗಳು ತೆರೆದುಕೊಂಡವು. ದನಿಯ ಹೆಸರು ಬರೆದ. ವೇಗದ ಜಾಗಕ್ಕೆ ಬಂದಾಗ, ಇಷ್ಟು ಹೊತ್ತು ಬರೆಯುತ್ತಿದ್ದ ಎಪ್ಪತ್ತನ್ನೇ ಬರೆಯಲು ಹೋದ ಬೆರಳು ನಿಂತಿತು.

"ವೇಗ ಎಷ್ಟಕ್ಕಾ?"

"ತೊಂಬತ್ತೆರಡು."

"ತೊಂಬತ್ತೆರಡಾ! ಮನುಷ್ಯರಿಗೆ ಅರ್ಥ ಆಗುತ್ತಾ ಅದು?"

"ನಿನಗೆ ಆಗಲ್ಲ."

ತೊಂಬತ್ತೆರಡು ಬರೆದ. ಗಂಟೆ ಐದೂಕಾಲು. ಉತ್ಸಾಹ ತಡೆಯಲಾರದೆ ಅಲ್ಲಿಂದಲೇ ಯೂಸರ್ ಬದಲಾಯಿಸಿ, "ಬಾ, ಕೂರು," ಎಂದು ಕುರ್ಚಿ ಬಿಟ್ಟ. ಅಕ್ಕ ಪಾಸ್‌ವರ್ಡ್ ಹಾಕಿದಳು. ಯಾವ ದನಿಯೂ ಬರಲಿಲ್ಲ, ಗೊಗ್ಗರಯ್ಯನೂ ಇಲ್ಲ, ಜೇನೂ ಇಲ್ಲ.

ತಮ್ಮ ಪರದೆ ನೋಡಿದ. ಖಾಲಿ ನೀಲಿ ಪರದೆ. ಅವಳ ಫೋಲ್ಡರುಗಳು ಇಲ್ಲ, ಬೀದಿವಾರು ಪಟ್ಟಿಗಳಿಲ್ಲ, ಹತ್ತೊಂಬತ್ತು ವರ್ಷದಿಂದ ಒಂದು ಮಷೀನಿನಿಂದ ಇನ್ನೊಂದಕ್ಕೆ ಹೊತ್ತು ತಂದ ಅವಳ ಟಿಪ್ಪಣಿಗಳಿಲ್ಲ. ನಿಮ್ಮ ಖಾತೆಯನ್ನು ತೆರೆಯಲಾಗಲಿಲ್ಲ, ತಾತ್ಕಾಲಿಕ ಖಾತೆ ಕೊಟ್ಟಿದ್ದೇವೆ, ಇಲ್ಲಿ ಮಾಡಿದ ಕೆಲಸ ಉಳಿಯುವುದಿಲ್ಲ, ಎಂದು ಮೂಲೆಯಲ್ಲಿ ಒಂದು ಸಾಲು ಕೂತಿತ್ತು. ಅವಳು ಆ ಕಚೇರಿಗೆ ಯಾವತ್ತೂ ಬಂದೇ ಇರಲಿಲ್ಲವೇನೋ ಎನ್ನುವ ಹಾಗೆ ಪರದೆ ಬೋಳಾಗಿತ್ತು.

ಅವಳಿಗೆ ಇದು ಕಾಣುವುದಿಲ್ಲ. ಸ್ಪೀಕರ್ ಕೇಬಲ್ ಸಡಿಲ ಆಗಿದೆ, ಐದು ನಿಮಿಷ ಇರು, ಎಂದರೆ ನಂಬುತ್ತಾಳೆ. ಆ ಸುಳ್ಳು ಅವನ ನಾಲಿಗೆಯ ತುದಿಗೇ ಬಂದಿತ್ತು. ಇಂಥವನ್ನು ಅವನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದ, ಎಲ್ಲವೂ ಅವಳ ಒಳ್ಳೆಯದಕ್ಕೇ ಎಂದುಕೊಂಡು.

"ಅಕ್ಕಾ," ಎಂದ. "ಪರದೆ ಖಾಲಿ ಇದೆ. ನಿನ್ನ ಫೈಲು ಯಾವುದೂ ಕಾಣ್ತಿಲ್ಲ. ಏನೋ ತಪ್ಪು ಮಾಡಿದ್ದೀನಿ, ಏನು ಅಂತ ಗೊತ್ತಿಲ್ಲ. ನನಗೆ ಭಯ ಆಗ್ತಿದೆ."

ಅಕ್ಕನ ಮುಖದ ಬಣ್ಣ ಇಳಿದದ್ದನ್ನು ಅವನು ನೋಡಿದ. ಆಮೇಲೆ ಅವಳು ಮೇಜಿನ ಅಂಚನ್ನು ಹಿಡಿದು, "ಭಯ ಆಮೇಲೆ ಪಡು. ಕೊನೇದಾಗಿ ಏನು ಮಾಡಿದೆ?" ಎಂದಳು.

"ವೇಗ ಬರೆದೆ."

"ಅದಕ್ಕೆ ಮುಂಚೆ?"

"ದನಿ ಬರೆದೆ. ಅದಕ್ಕೆ ಮುಂಚೆ ಹೆಸರಿಟ್ಟೆ. ಅದಕ್ಕೆ ಮುಂಚೆ ಫೈಲು ತೆಗೆದೆ."

"ತೆಗೆದಿದ್ದನ್ನ ಮುಚ್ಚಿದ್ಯಾ?"

ತಮ್ಮ ಹಣೆ ಚಚ್ಚಿಕೊಂಡ. ಅಡ್ಮಿನಿಸ್ಟ್ರೇಟರ್ ಕಡೆಯಲ್ಲಿ ಅವಳ ಫೈಲು ಇನ್ನೂ ತೆರೆದೇ ಇತ್ತು. ಅವನ ಕೈಯಲ್ಲೇ ಸಿಕ್ಕಿಕೊಂಡಿದ್ದ ಫೈಲು ಅವಳಿಗೆ ಸಿಗುವುದಾದರೂ ಹೇಗೆ? ಅವಳನ್ನು ಲಾಗೌಟ್ ಮಾಡಿಸಿ, ಮರಳಿ ಹೋಗಿ, ಗೊಗ್ಗರಯ್ಯನ ಮನೆಯ ಮೇಲೆ ನಿಂತು, ಅದನ್ನು ಮುಚ್ಚಿಟ್ಟ. ಈಗ ಮುಚ್ಚಿದೆ, ಈಗ ಮಷೀನು ಆರಿಸ್ತಿದ್ದೀನಿ, ಈಗ ಮೇಲೆ ಬರ್ತಿದೆ, ಎಂದು ಒಂದೊಂದನ್ನೂ ಬಾಯಿಬಿಟ್ಟು ಹೇಳಿದ. ಪೆನ್‌ಡ್ರೈವ್ ಮೇಜಿನ ಮೇಲೇ ಇತ್ತು, ಆದರೆ ಅದರಲ್ಲಿ ಇದ್ದದ್ದು ಮಷೀನಿನ ದಾಖಲೆ, ಅಕ್ಕನ ಟಿಪ್ಪಣಿಗಳಲ್ಲ.

ಅಕ್ಕ ಪಾಸ್‌ವರ್ಡ್ ಹಾಕಿದಳು.

ತಗಡಿನ ಮೇಲೆ ಕಾಳು ಸುರಿಯಿತು. ತಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ಪರದೆಯಲ್ಲಿ ಅವಳ ಫೋಲ್ಡರುಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದು ಬೀದಿ ತೆರೆದಳು, ಇನ್ನೊಂದು ತೆರೆದಳು, ಹಳೆಯ ದೂರೊಂದನ್ನು ಹುಡುಕಿ ತೆಗೆದಳು. ಬೆರಳುಗಳು ಓಡುತ್ತಿದ್ದವು. ಎರಡು ವಾರದಿಂದ ಸೊರಗಿದ್ದ ಮುಖ ಅದೇ ಅಲ್ಲವೇನೋ ಎನ್ನಿಸುವಷ್ಟು ಬದಲಾಗಿತ್ತು. ತಮ್ಮ ಗೋಡೆಗೆ ಒರಗಿ ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ಅವನು ನಿಂತು ನೋಡಿದ್ದು ಅದೇ ಮೊದಲು. ಇವಳನ್ನೇ ತಾನು ಬಾಗಿಲ ಬಳಿಯ ಕುರ್ಚಿಗೆ ಒಪ್ಪಿಸಿದ್ದು ಎಂದು ನೆನೆದ.

ಇನ್ನು ಹೇಳದೆ ಉಳಿದರೂ ನಡೆಯುತ್ತಿತ್ತು. ಆದರೂ ಹೇಳಿದ.

"ಅಕ್ಕಾ, ಗುರುವಾರ ಮ್ಯಾನೇಜರ್ ಅಂಗಡಿಗೆ ಬಂದಿದ್ರು. ಇದು ಸರಿಹೋಗದಿದ್ರೆ ನಿನ್ನ ಬಾಗಿಲ ಹತ್ರ ಕೂರಿಸ್ತೀನಿ ಅಂದ್ರು. ನಾನು ಆಗಲಿ ಅಂದೆ. ನಿನ್ನ ಒಂದು ಮಾತು ಕೇಳಲಿಲ್ಲ."

ಅಕ್ಕ ಹೆಡ್‌ಫೋನ್ ತೆಗೆದಳು. "ಗೊತ್ತು. ನಿನ್ನೆ ಬೆಳಗ್ಗೆಯೇ ಹೇಳಿದ್ರು. ನಿಮ್ಮ ತಮ್ಮನೂ ಒಪ್ಪಿದ್ದಾರೆ ಮೇಡಂ, ಇನ್ನೇನು ಯೋಚನೆ ಅಂದ್ರು."

"ಮತ್ತೆ ನನ್ನ ಯಾಕೆ ಬೈಯಲಿಲ್ಲ?"

"ನೀನಾಗೇ ಹೇಳ್ತೀಯೋ ಇಲ್ವೋ ನೋಡೋಣ ಅಂತಿದ್ದೆ." ಅವಳು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದಳು. "ರಾತ್ರಿ ನಿದ್ದೆ ಬರಲಿಲ್ಲ ಕಣೋ. ಕುರ್ಚಿಗೆ ಅಲ್ಲ. ಅವರು ಏನೋ ಹೊರಗಿನವರು, ತಿಳೀದೆ ಹೇಳಿದ್ರು. ನೀನು ಅಂದ್ಯಲ್ಲ, ಅದಕ್ಕೆ."

ತಪ್ಪಾಯ್ತು ಎಂದ ತಮ್ಮ; ಮಾತು ಸರಿಯಾಗಿ ಹೊರಗೆ ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. "ಸೋಮವಾರ ನಾನೇ ಬಂದು ಅವರಿಗೆ ಬೇಡ ಅಂತ ಹೇಳ್ತೀನಿ," ಎಂದ.

"ನೀನು ಬರಬೇಡ," ಎಂದು ಅಕ್ಕ ಒತ್ತಿ ಹೇಳಿದಳು. "ಬೇಡ ಅನ್ನೋದನ್ನ ನಾನು ಹೇಳ್ತೀನಿ."

ವಾಚ್‌ಮನ್ ಬೀಗದ ಗೊಂಚಲು ಕುಲುಕಿಸುತ್ತ ಬಂದ. ಅಕ್ಕ ತನ್ನ ಕೋಲು ತೆಗೆದುಕೊಂಡು, ತಮ್ಮನ ತೋಳು ಹಿಡಿಯದೆ, ಕಾರಿಡಾರಿನಲ್ಲಿ ಮುಂದೆ ನಡೆದಳು. ತಮ್ಮ ಅವಳ ಹಿಂದೆ ಬಂದ.

ಸೋಮವಾರ ಅವನು ಎಂಟಕ್ಕೇ ಅಂಗಡಿ ತೆಗೆದ. ಯಾರದೋ ಲ್ಯಾಪ್‌ಟಾಪ್ ಬಿಚ್ಚಿದ, ಸ್ಕ್ರೂ ಎಲ್ಲಿಟ್ಟೆ ಎಂದು ಮರೆತು ಕೂತ. ಒಂಬತ್ತಕ್ಕೆ ಮ್ಯಾನೇಜರ್ ಬರುತ್ತಾರೆ. ಒಂಬತ್ತೂವರೆಗೆ ಅವಳನ್ನು ಕರೆದಿರುತ್ತಾರೆ. ಹತ್ತಕ್ಕೆ ಎದ್ದು ಬೀದಿಯ ತಿರುವಿನವರೆಗೆ ಹೋಗಿ, ಬರಬೇಡ ಎಂದದ್ದು ನೆನಪಾಗಿ ವಾಪಸು ಬಂದ. ಅವಳ ಮೊಬೈಲ್ ಆಫ್ ಆಗಿತ್ತು. ಕೆಲಸದ ಹೊತ್ತಿನಲ್ಲಿ ಅದು ಯಾವಾಗಲೂ ಆಫ್. ಹತ್ತೂವರೆಗೆ ತಡೆಯಲಾಗಲಿಲ್ಲ. ಊರಿನವರೆಲ್ಲ ಮಾಡುವ ದೂರಿನ ನಂಬರನ್ನೇ ಒತ್ತಿದ. ಬೇರೆ ಯಾರಾದರೂ ಎತ್ತಿದರೆ ಕುರ್ಚಿ ಬಾಗಿಲಿಗೆ ಹೋಯಿತು ಎಂದೇ ಅರ್ಥ. ಲೈನ್ ಬಿಜಿ ಇತ್ತು. ಎರಡನೇ ಸಲವೂ ಬಿಜಿ. ನಾಲ್ಕನೇ ಸಲ ಗಂಟೆ ಹೊಡೆಯಿತು.

"ನೀರು ಸರಬರಾಜು, ದೂರು ವಿಭಾಗ. ಹೇಳಿ."

ಅಕ್ಕನ ದನಿ. ಅದರ ಹಿಂದೆ, ಅವಳ ಬಲಗಿವಿಯಿಂದ ಸೋರಿ ಬರುತ್ತಿದ್ದ ಕಾಳಿನ ಸದ್ದು.

ತಮ್ಮನಿಗೆ ಕಣ್ಣು ತುಂಬಿತು, ಮೂಗು ಎಳೆದುಕೊಂಡ.

"ಹೇಳಿ, ಎಲ್ಲಿಂದ ಮಾತಾಡ್ತಿದ್ದೀರಿ? ಏನು ತೊಂದರೆ?"

"ಅಕ್ಕಾ, ನಾನು," ಎಂದ.

"ಗೊತ್ತಾಯ್ತು, ಮೂಗು ಎಳೆಯೋ ಸದ್ದಿನಲ್ಲೇ. ನಿಮ್ಮ ಬೀದೀಲಿ ನೀರು ಬರ್ತಿದೆ ತಾನೆ?"

"ಬರ್ತಿದೆ."

"ಹಾಗಾದ್ರೆ ಲೈನ್ ಬಿಡು. ಜನ ಕಾಯ್ತಿದ್ದಾರೆ."

ಅವನು ಲೈನ್ ಬಿಟ್ಟ.